ಥಂಡಿ ಬರೂ ಮುಂಚೆ ಮನಿ ನಳ, ಸೋಲಾರ್, ಗೀಸರ್ ಏನೇನು ನೋಡ್ಕೋಬೇಕು? (ಬೆಳಗಾವಿ)

ತಿಲಕವಾಡಿ_ಮನಿ:

ಎಲ್ಲಾರಿಗೂ ನಮಸ್ಕಾರ ರೀ. ಸೀಗಿ ಹುಣ್ಣಿಮಿ ಮುಗೀತು, ಮುಂಜಾನೆ ಥಂಡಿ ಚಾಲೂ ಆಗೈತಿ. ಚಳಿಗಾಲ ಜೋರಾಗೂ ಮುಂಚೆ ಮನಿ ನೀರಿನ ಲೈನ್ ಒಮ್ಮೆ ಸರಿ ಮಾಡ್ಸೂದೈತಿ. ಯಾವ್ದು ಮೊದಲು ಮಾಡ್ಸಬೇಕು ಅನ್ನೂದು ಗೊತ್ತಾಗವಲ್ದು.

ಮನಿ ಲೆಕ್ಕ ಹಿಂಗೈತಿ. ಕೆಳಗ ಒಂದು, ಮ್ಯಾಲ ಒಂದು ಮಹಡಿ. ಮಾಳಗಿ ಮ್ಯಾಲ 1000 ಲೀಟರ್ ಟಾಕಿ, 200 ಲೀಟರ್ ಸೋಲಾರ್. 20 ಗಾಜಿನ ಕೊಳವಿ ಇರೂದು, ಪ್ರೆಶರ್ ತಡಕೊಳ್ಳದ ಸಾದಾ ಮಾದರಿ. ಅಲ್ಲಿಂದ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಡಿಯೂ ಪ್ಲಾಸ್ಟಿಕ್) ಪೈಪು ಗ್ವಾಡಿ ಹೊರಗಿಂದ ಇಳದೈತಿ, ಕೆಳಗಿನ ಬಚ್ಚಲದ ತನಕ ಸುಮಾರು 25 ಮೀಟರ್, ಬರೀ ಪೈಪು, ಮ್ಯಾಲ ಏನೂ ಸುತ್ತಿಲ್ಲ. ಕೆಳಗಿನ ಬಚ್ಚಲದಾಗ 15 ಲೀಟರಿನ ಗೀಸರ್ ಐತಿ. ಹೋದ ವರ್ಷ ದೀಪಾವಳಿ ಮುಂದ ಶವರ್ ಜೋರ ಬರ್ಲಿ ಅಂತ ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಹಾಕ್ಸೇವಿ.

ತೊಂದ್ರಿ ಏನಂದ್ರ, ಸಂಜಿಮುಂದ ಸೋಲಾರ್ ನೀರು ಕೈ ಸುಡ್ತದ, ಮುಂಜಾನೆ 6ಕ್ಕ ಅದ ನೀರು ಉಗುರುಬೆಚ್ಚಗ. ಸೋಲಾರ್ ಮ್ಯಾಲಿನ ಗಾಳಿ ಪೈಪಿನಿಂದ ಆಗಾಗ ನೀರು ಚೆಲ್ಲಿದ ಗುರ್ತೂ ಕಾಣ್ತಾವ. ಪೈಪಿಗೆ ಗೋಣಿಚೀಲ ಸುತ್ತಿದ್ರ ಸಾಕೋ, ಸೋಲಾರ್ ಟಾಕಿನ ಬದಲಿ ಮಾಡ್ಬೇಕೋ? ಇನ್ನ ವಾಟ್ಸಾಪ್‌ನ್ಯಾಗ ಒಂದು ಮೆಸೇಜ್ ತಿರಗ್ಯಾಡಾಕ ಹತ್ತೈತಿ: "ಚಳಿಗಾಲದಲ್ಲಿ ರಾತ್ರಿ ನಳ ಸ್ವಲ್ಪ ತೊಟ್ಟಿಕ್ಕಲು ಬಿಡಿ, ಇಲ್ಲದಿದ್ದರೆ ಪೈಪ್ ಒಡೆಯುತ್ತದೆ" ಅಂತ. ಖರೇನ?


ನಳಪಾಕ:

ಮೊದಲು ಆ ಮೆಸೇಜ್ ಬಗ್ಗೆ. ಅದು ಹಿಮ ಬೀಳೂ ಊರಿನವರಿಗೆ ಬರದದ್ದು. ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕ 9ರಷ್ಟು ಹಿಗ್ಗತದ. ಪೈಪು ಒಡಿಯೂದು ಬರೀ ಬರ್ಫ ಕಟ್ಟಿದ ಜಾಗಾದಾಗ ಅಲ್ಲ. ಬರ್ಫಕ್ಕೂ ಬಂದ್ ಮಾಡಿದ ನಳಕ್ಕೂ ನಡುವ ಸಿಕ್ಕೊಂಡ ನೀರಿಗೆ ಹೋಗಾಕ ದಾರಿ ಇರಂಗಿಲ್ಲ, ಅಲ್ಲಿ ಒತ್ತಡ ಏರಿ ಪೈಪು ಸೀಳತದ. ನಳ ತೊಟ್ಟಿಕ್ಕಾಕ ಬಿಟ್ರ ಆ ಒತ್ತಡ ಇಳೀತದ, ಅದಕ್ಕ ಅಲ್ಲಿ ಆ ಉಪಾಯ. ಬೆಳಗಾವ್ಯಾಗ ಥಂಡಿ ರಾತ್ರಿ ಅಂದ್ರ 12, 13 ಡಿಗ್ರಿ, ಭಾಳ ಆದ್ರ 10ರ ಆಸುಪಾಸು. ಇಲ್ಲಿ ನಳ ತೊಟ್ಟಿಕ್ಕಾಕ ಬಿಟ್ರ ಟಾಕಿ ಖಾಲಿ ಆಗ್ತದ, ಮತ್ತೇನೂ ಆಗಂಗಿಲ್ಲ.

ನಮ್ಮ ಕಡೆ ಚಳಿಗಾಲದ ತಯಾರಿ ಅಂದ್ರ ಬಿಸಿನೀರು ಟಾಕಿಯಿಂದ ಬಕೀಟಿಗೆ ಬರೂ ತನಕ ಬಿಸಿಯಾಗೇ ಇರಬೇಕು, ಅಷ್ಟ. ಅದಕ್ಕ ಒಂದು ಲೆಕ್ಕ ತಿಳಕೋರಿ. 20 ಲೀಟರಿನ ಬಕೀಟಿನ್ಯಾಗ 40 ಡಿಗ್ರಿ ನೀರು ಬೇಕು ಅಂತ ಹಿಡೀರಿ. ಬ್ಯಾಸಿಗ್ಯಾಗ ಟಾಕಿ ನೀರು 30 ಡಿಗ್ರಿ, ಸೋಲಾರ್ ನೀರು 60 ಇದ್ರ ಬಿಸಿನೀರು ಸುಮಾರು 7 ಲೀಟರ್ ಸಾಕು. ಚಳಿಗಾಲದಾಗ ಟಾಕಿ ನೀರ 20ಕ್ಕ ಇಳೀತದ. ಸೋಲಾರ್ 60 ಕೊಟ್ರೂ 10 ಲೀಟರ್ ಬೇಕು, 45 ಅಷ್ಟ ಕೊಟ್ರ 16 ಲೀಟರ್ ಬೇಕು. ಅಂದ್ರ 200 ಲೀಟರ್ ಟಾಕಿಯಿಂದ 20 ಬಕೀಟು ಆಗೂ ಬದಲಿ 12 ಆಗ್ತಾವ. ತಗದಷ್ಟು ತಣ್ಣೀರು ಒಳಗ ಸೇರಿ ಇನ್ನೂ ತಣ್ಣಗ ಮಾಡ್ತದಲ್ಲ, ಅದನ್ನ ಇಲ್ಲಿ ಹಿಡದಿಲ್ಲ. ಜನ ಮಶಿನ್ ಕೆಟ್ಟೈತಿ ಅಂತಾರ, ಖರೆ ಅಂದ್ರ ಲೆಕ್ಕಾನ ಬದಲಾಗಿರತದ.

ಆದ್ರ ನಿಮ್ಮದು ಬರೀ ಲೆಕ್ಕದ ತೊಂದ್ರಿ ಅಲ್ಲ. ಸಂಜಿಗೆ ಕೈ ಸುಡೂ ನೀರು ಮುಂಜಾನೆಗೆ ಉಗುರುಬೆಚ್ಚಗ ಆಗೂದು ಸಹಜ ಅಲ್ಲ. ಪಫ್ (ಬಿಸಿ ಹೊರಗ ಬಿಡದ ಫೋಮ್) ತುಂಬಿದ ಚಲೋ ಟಾಕಿ ಒಂದು ರಾತ್ರಿಗೆ 5ರಿಂದ 7 ಡಿಗ್ರಿ ಕಳಕೋಬಹುದು. 15, 20 ಡಿಗ್ರಿ ಇಳಿದ್ರ ಎಲ್ಲೋ ತಣ್ಣೀರು ಒಳಗ ಹೊಕ್ಕಾಕ ಹತ್ತೈತಿ ಅಂತ ತಿಳೀರಿ. ತಣ್ಣೀರಿಗೆ ಪ್ರೆಶರ್ ಪಂಪ್, ಬಿಸಿನೀರು ಬರೀ ಇಳಿಜಾರಿನ ಒತ್ತಡ, ಜತಿಗೆ ಗಾಳಿ ಪೈಪಿನಿಂದ ನೀರು ಚೆಲ್ಲೂದು. ಈ ಮೂರೂ ಕೂಡಿದ್ರ ಸಂಶಯ ಮಿಕ್ಸರ್ (ಬಿಸಿನೀರು, ತಣ್ಣೀರು ಕೂಡಿಸೂ ನಳ) ಮ್ಯಾಲ ಹೋಗ್ತದ.

ಪರೀಕ್ಷಾ ಹಿಂಗ ಮಾಡ್ರಿ. ಸೋಲಾರ್ ಟಾಕಿಯಿಂದ ಬಿಸಿನೀರು ಹೊರಗ ಬರೂ ಪೈಪಿನ ವಾಲ್ವ್ ಪೂರ್ತಿ ಬಂದ್ ಮಾಡ್ರಿ. ಗೀಸರ್ ಕಡೆ ಜೋಡಣಿ ಇದ್ರ ಅದನ್ನೂ ಬಂದ್ ಮಾಡ್ರಿ. ಪಂಪ್ ಚಾಲೂ ಇರ್ಲಿ. ಈಗ ಒಂದೊಂದ ಬಚ್ಚಲದಾಗ ಬರೀ ಬಿಸಿನೀರಿನ ನಳ ತಗೀರಿ. ಪೈಪಿನ್ಯಾಗ ಉಳದ ನೀರು ಬಂದು ನಿಲ್ಲಬೇಕು. ನಿಲ್ಲದ ಹರೀತಾನ ಇದ್ರ ಆ ನೀರು ಎಲ್ಲಿಂದ ಬಂತು? ಯಾವ್ದೋ ಮಿಕ್ಸರ್ ಮೂಲಕ ತಣ್ಣೀರು ಬಿಸಿ ಲೈನಿಗೆ ದಾಟೈತಿ. ಆವಾಗ ಪ್ರತಿ ಮಿಕ್ಸರ್ ಕೆಳಗಿನ ಆಂಗಲ್ ಕಾಕ್ (ನೀರು ಬಂದ್ ಮಾಡೂ ಸಣ್ಣ ವಾಲ್ವ್) ಒಂದೊಂದಾಗಿ ಬಂದ್ ಮಾಡ್ಕೋತ ಹೋಗ್ರಿ. ಯಾವ್ದನ್ನ ಬಂದ್ ಮಾಡಿದಾಗ ನೀರು ನಿಲ್ಲತದೋ ಅದ ಕಳ್ಳ.


ಮಾಳಿಗೆ_ಬಿಸಿಲು:

ನಳಪಾಕ ಅವರು ಹೇಳಿದ ಪರೀಕ್ಷೆಯನ್ನೇ ಮೊದಲು ಮಾಡಿ. ನಾನು ಮಾಳಿಗೆಯ ಮೇಲಿನ ಸಂಗತಿಗಳನ್ನು ಮಾತ್ರ ಹೇಳುತ್ತೇನೆ.

ನೆರಳು ನೋಡಿ. ಬೆಳಗಾವಿ ಸುಮಾರು 15.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್‌ನಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ದಕ್ಷಿಣಕ್ಕೆ ಮೆಟ್ಟಿಲಿನ ಕೋಣೆ ಇದ್ದರೂ ಸೋಲಾರ್ ಮೇಲೆ ಅದರ ನೆರಳು ಬೀಳುವುದಿಲ್ಲ. ಡಿಸೆಂಬರ್ 21ರ ಹೊತ್ತಿಗೆ ನಡುಹಗಲಿನಲ್ಲೂ ಸೂರ್ಯನ ಎತ್ತರ 51 ಡಿಗ್ರಿಗಿಂತ ಹೆಚ್ಚಿಲ್ಲ. 3 ಮೀಟರ್ ಎತ್ತರದ ಗೋಡೆಯ ನೆರಳು ಆಗ ಸುಮಾರು 2.5 ಮೀಟರ್ ಉತ್ತರಕ್ಕೆ ಚಾಚುತ್ತದೆ. ಬೆಳಿಗ್ಗೆ 9.30ಕ್ಕೆ ಅದೇ ನೆರಳು ವಾಯವ್ಯಕ್ಕೆ 5 ಮೀಟರ್ ಉದ್ದ ಬಿದ್ದಿರುತ್ತದೆ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, ಹೆಚ್ಚುಕಡಿಮೆ 12.30ಕ್ಕೆ. ಅದಕ್ಕೆ ನೆರಳನ್ನು 9.30, 12.30, 3.30 ಹೀಗೆ ಮೂರು ಹೊತ್ತು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೇ ತಿಂಗಳಲ್ಲಿ ಸೋಲಾರ್ ಕೂಡಿಸಿದವರು ಈ ನೆರಳನ್ನು ಕಂಡಿರುವುದೇ ಇಲ್ಲ. ಪಕ್ಕದವರು ಆಮೇಲೆ ಎಬ್ಬಿಸಿದ ಗೋಡೆ, ತಗಡಿನ ಶೆಡ್ಡು, ಹೊಸ ಟಾಕಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸ್ಟ್ಯಾಂಡಿನ ಓರೆ ಚಳಿಗಾಲಕ್ಕೆ 25ರಿಂದ 30 ಡಿಗ್ರಿ ಇದ್ದರೆ ಒಳ್ಳೆಯದು. ಇರುವುದು 20 ಆಗಿದ್ದರೆ ಅದಕ್ಕಾಗಿ ಸ್ಟ್ಯಾಂಡ್ ಕತ್ತರಿಸಿ ಬೆಸೆಯುವುದು ನನ್ನ ಮಟ್ಟಿಗೆ ದಂಡ. ಕೊಳವೆಗಳು ದುಂಡಗಿರುವುದರಿಂದ ಚಪ್ಪಟೆ ಫಲಕಕ್ಕೆ ಆಗುವಷ್ಟು ನಷ್ಟ ಇಲ್ಲಿಲ್ಲ. ಕೊಳವೆ ಒರೆಸುವುದರಿಂದ ಸಿಗುವ ಲಾಭ ಅದಕ್ಕಿಂತ ದೊಡ್ಡದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಚಳಿಗಾಲವೇ ಕಬ್ಬು ನುರಿಸುವ ಕಾಲ. ಕಾರ್ಖಾನೆಗಳ ಹತ್ತಿರದ ಊರುಗಳಲ್ಲಿ ಕರಿ ಬೂದಿ ಗಾಜಿನ ಮೇಲೆ ಕೂರುತ್ತದೆ, ಮಂಜಿನ ಹನಿ ಬಿದ್ದು ಅಂಟಿಕೊಳ್ಳುತ್ತದೆ, ಮಳೆ ಇಲ್ಲದ್ದರಿಂದ ತಾನಾಗಿ ತೊಳೆದುಹೋಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನಸುಕಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಬಿಸಿಲೇರಿದ ಮೇಲೆ ಬೇಡ.

ಪ್ರತಿ ಕೊಳವೆಯ ಕೆಳತುದಿಯಲ್ಲಿ ಒಳಗಡೆ ಬೆಳ್ಳಿಯ ಬಣ್ಣದ ಲೇಪ ಕಾಣುತ್ತದೆ. ಅದು ಬೇರಿಯಂ. ನಿರ್ವಾತ ಹೋದ ಕೊಳವೆಯಲ್ಲಿ ಅದು ಹಾಲಿನಂತೆ ಬೆಳ್ಳಗಾಗಿರುತ್ತದೆ. ಅಂಥ ಕೊಳವೆ ಹಗಲು ಕಾಯಿಸಿದ್ದನ್ನು ರಾತ್ರಿ ಹೊರಗೆ ಬಿಡುತ್ತದೆ. 58 ಮಿಲಿಮೀಟರ್ ವ್ಯಾಸ, 1800 ಮಿಲಿಮೀಟರ್ ಉದ್ದ ಸಾಮಾನ್ಯ ಅಳತೆ, ಆದರೂ ತರುವ ಮುಂಚೆ ಟೇಪು ಹಿಡಿದು ನೋಡಿ. ಕೂಡಿಸುವಾಗ ಸಿಲಿಕಾನ್ ರಿಂಗಿಗೆ ಸಾಬೂನು ನೀರು ಹಚ್ಚಿ, ನೇರ ದೂಡದೆ ತಿರುಗಿಸುತ್ತ ಒಳಗೆ ಬಿಡಿ.

ಒಂದು ಎಚ್ಚರಿಕೆ. ನಳದ ನೀರು ಬಾರದೆ ಟಾಕಿ ಖಾಲಿಯಾಗಿ, ಸೋಲಾರ್ ಕೂಡ ಬರಿದಾಗಿ ಬಿಸಿಲಿಗೆ ನಿಂತಿದ್ದರೆ ಹಗಲಿನಲ್ಲಿ ನೀರು ಬಿಡಬೇಡಿ. ಕಾದ ಖಾಲಿ ಕೊಳವೆಗೆ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ. ಒಳಗೆ ಬರುವ ವಾಲ್ವ್ ಮುಚ್ಚಿಟ್ಟು, ಕತ್ತಲಾಗಿ ಕೊಳವೆ ತಣಿದ ಮೇಲೆ ತೆರೆಯಿರಿ. ಹಾಗೆಯೇ ನೀರು ಚೆಲ್ಲುತ್ತದೆ ಎಂದು ಗಾಳಿ ಪೈಪಿಗೆ ಬಿರಡೆ ಹಾಕುವವರಿದ್ದಾರೆ. ನೀರು ಹೊರಹೋಗುವಾಗ ಗಾಳಿ ಒಳಬರದಿದ್ದರೆ ಒಳಗಿನ ತೆಳು ಸ್ಟೀಲ್ ಟಾಕಿ ಮುದುಡಿಹೋಗುತ್ತದೆ. ಆ ಪೈಪಿನ ಬಾಯಿ ಮೇಲಿನ ಟಾಕಿಯ ತುಂಬಿದ ನೀರಿನ ಮಟ್ಟಕ್ಕಿಂತ ಎತ್ತರಕ್ಕಿರಬೇಕು, ಯಾವಾಗಲೂ ತೆರೆದೇ ಇರಬೇಕು.


ತಿಲಕವಾಡಿ_ಮನಿ:

ಉಪಕಾರ ಆತ್ರಿ. ಪರೀಕ್ಷಾ ಮಾಡಿದ್ವಿ. ಸೋಲಾರ್ ವಾಲ್ವ್ ಬಂದ್ ಇದ್ರೂ ಮ್ಯಾಲಿನ ಬಚ್ಚಲದ ಬಿಸಿ ನಳದಾಗ ನೀರು ಜೋರ ಬಂತು. ಅಲ್ಲೇ ಕೈಶವರ್ ಹಾಕಿದ ಮಿಕ್ಸರಿನ ಕೆಳಗಿನ ಆಂಗಲ್ ಕಾಕ್ ಬಂದ್ ಮಾಡಿದ ಕೂಡ್ಲೆ ನಿಂತ್ತು. ಗಾಳಿ ಪೈಪು ಟಾಕಿಗಿಂತ ಎತ್ತರಕ್ಕ ಐತಿ. ಈಗ ಮಿಕ್ಸರ್ ಬದಲಿ ಮಾಡ್ಬೇಕ? ಮತ್ತ 25 ಮೀಟರ್ ಪೈಪಿಗೆ ಏನು ಸುತ್ತಬೇಕು?


ನಳಪಾಕ:

ಕೈಶವರಿನ ಗುಂಡಿ ಒತ್ತಿ ನೀರು ನಿಲ್ಲಿಸಿ ಮಿಕ್ಸರ್ ಹಂಗ ತಗದಿಡೂ ರೂಢಿ ಇದ್ರ ಮಿಕ್ಸರ್ ಕೆಟ್ಟಿರಬೇಕು ಅಂತಿಲ್ಲ. ಮಿಕ್ಸರ್ ಒಳಗ ಬಿಸಿ, ತಣ್ಣೀರು ಎರಡೂ ಬಾಗಲಾ ತಗದಿರ್ತಾವ, ಮುಂದ ಹೋಗೂ ದಾರಿ ಮಾತ್ರ ಬಂದ್. ಮನಿ ಪ್ರೆಶರ್ ಪಂಪಿನ ಒತ್ತಡ 1.5 ಬಾರ್ ಹತ್ರ ಇರತದ. ಮ್ಯಾಲಿನ ಮಹಡಿಗೆ ಸೋಲಾರಿಂದ ಇಳಿಯೂ ನೀರಿನ ಒತ್ತಡ 3 ಮೀಟರಿಗೆ 0.3 ಬಾರ್ ಅಷ್ಟ. ಹಂಗಾಗಿ ತಣ್ಣೀರು ಬಿಸಿ ಪೈಪಿನ ಮೂಲಕ ಹಿಂದ ಏರಿ ಸೋಲಾರ್ ಟಾಕಿ ಹೊಕ್ಕು, ಕಾದ ನೀರನ್ನ ಗಾಳಿ ಪೈಪಿನಿಂದ ಮಾಳಗಿ ಮ್ಯಾಲ ಚೆಲ್ಲಿಬಿಡತದ. ನೀವು ರೊಕ್ಕಾ ಕೊಟ್ಟು ಹಾಕ್ಸಿದ ಪಂಪು ರಾತ್ರಿಯಿಡೀ ಸೋಲಾರ್ ತಣಸಾಕ ಹತ್ತೈತಿ.

ಇವತ್ತಿನಿಂದ ಮಿಕ್ಸರನ್ನ ಅದರ ಹಿಡಿಕಿಯಿಂದ ಬಂದ್ ಮಾಡ್ರಿ. ಹಂಗ ಬಂದ್ ಮಾಡಿ ಮತ್ತ ಪರೀಕ್ಷಾ ಮಾಡ್ರಿ. ಆವಾಗಲೂ ನೀರು ದಾಟಿದ್ರ ಒಳಗಿನ ಕಾರ್ಟ್ರಿಜ್ (ಹಿಡಿಕಿ ಕೆಳಗ ನೀರು ಬಿಡೂ, ತಡಿಯೂ ಭಾಗ) ಸವದೈತಿ. 35 ಅಥವಾ 40 ಮಿಲಿಮೀಟರ್ ಅಳತಿ ಇರತದ, ಹಳೇದನ್ನ ಬಿಚ್ಚಿ ಅಂಗಡಿಗೆ ಒಯ್ದು ಅದಕ್ಕ ಹೊಂದೂದು ತರ್ರಿ. ಪೂರ್ತಿ ಮಿಕ್ಸರ್ ಬದಲಿ ಮಾಡೂ ಕಾರಣ ಇಲ್ಲ.

ಶಾಶ್ವತಕ್ಕ ಪ್ರತಿ ಬಚ್ಚಲದ ಬಿಸಿ ಲೈನ್ ಕವಲಿಗೆ ನೀರನ್ನ ಒಂದ ದಿಕ್ಕಿಗೆ ಬಿಡೂ ಒಂದೊಂದು ವಾಲ್ವ್, ಅಂದ್ರ ಎನ್‌ಆರ್‌ವಿ ಹಾಕಿಸ್ರಿ. ಬಾಣದ ಗುರ್ತು ನಳದ ಕಡೆ ಇರಬೇಕು. ಬಿಸಿನೀರು ತಡಿಯೂ ಹಿತ್ತಾಳಿದು ತಗೋರಿ, ರಬ್ಬರ್ ಶೀಟಿನ ಸಾದಾ ಪ್ಲಾಸ್ಟಿಕ್ ಬ್ಯಾಡ. ಪಂಪನ್ನ ಸೋಲಾರ್ ಒಳಗ ಹೋಗೂ ಲೈನಿಗೂ ಕೂಡಿಸಿದ್ರ ಎರಡೂ ಒತ್ತಡ ಸಮ ಆಗ್ತದ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ನಿಮ್ಮದು ಪ್ರೆಶರ್ ತಡಕೊಳ್ಳದ ಟಾಕಿ, ಹೊಲಿಗಿ ಬಿಟ್ಟು ಸೋರತದ.

ಇನ್ನ ಪೈಪಿಗೆ ಸುತ್ತೂ ಮಾತು. ಗೋಣಿಚೀಲ ಬ್ಯಾಡ. ಇಬ್ಬನಿ ಹೀರಿ ತೊಯ್ದ ಮ್ಯಾಲ ಬರೀ ಪೈಪಿಗಿಂತ ಜಾಸ್ತಿ ತಣ್ಣಗ ಮಾಡ್ತದ. ಕರಿ ನೈಟ್ರೈಲ್ ರಬ್ಬರಿನ ಕೊಳವಿ ತಗೋರಿ, 13 ಮಿಲಿಮೀಟರ್ ದಪ್ಪ. ಮುಕ್ಕಾಲು ಇಂಚಿನ ಸಿಪಿವಿಸಿ ಹೊರಗಿನ ವ್ಯಾಸ 22 ಮಿಲಿಮೀಟರ್, ಅದಕ್ಕ ಒಳಗ 22ರದ್ದ ಕೇಳ್ರಿ. 2 ಮೀಟರಿನ ತುಂಡಾದ್ರ 25 ಮೀಟರಿಗೆ 13 ಬೇಕು, ಎಲ್ಬೋ ಮೂಲಿಗೆ ಕತ್ತರಿಸಾಕ ಒಂದು ಹೆಚ್ಚಿಗಿ. ಉದ್ದಕ ಸೀಳಿ ಹಾಕಿದ್ರ ಸೀಳು ಗ್ವಾಡಿ ಕಡೆ ಇರ್ಲಿ, ಅಂಟಿನಿಂದ ಮುಚ್ಚರಿ. ಬಿಸಿಲಿಗೆ ಈ ರಬ್ಬರ್ ಬಿರದು ಪುಡಿ ಆಗ್ತದ, ಅಳಿಲೂ ಕೀಳ್ತಾವ. ಅದಕ್ಕ ಮ್ಯಾಲ ಅಲ್ಯುಮಿನಿಯಂ ಹಾಳಿ ಟೇಪು ಸುತ್ತೂದು ಬಿಡಬ್ಯಾಡ್ರಿ.

ಆದ್ರ ಆಸೆ ಎಷ್ಟು ಇಟ್ಕೋಬೇಕು ಅನ್ನೂದೂ ಗೊತ್ತಿರ್ಲಿ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಕಾಲು ಲೀಟರ್ ಹಿಡೀತದ. 25 ಮೀಟರಿನ್ಯಾಗ 6 ಲೀಟರಿಗಿಂತ ಮ್ಯಾಲ ನೀರು ನಿಂತಿರತದ. ಬರೀ ಪೈಪಿನ್ಯಾಗ ಅದರ ಬಿಸಿ ಅರ್ಧ ತಾಸಿನ ಒಳಗ ಹೋಗ್ತದ, ರಬ್ಬರ್ ಹಾಕಿದ್ರ ಒಂದೂವರಿ ತಾಸು ತಡೀತದ. ಅಂದ್ರ ಒಬ್ಬರ ಜಳಕ ಆಗಿ ಮುಂದಿನವರು ಹೋಗೂ ತನಕ ಉಪಯೋಗ, ರಾತ್ರಿಯಿಂದ ಮುಂಜಾನೆ ತನಕ ಅಲ್ಲ. ಮುಂಜಾನೆ ಮೊದಲಿನ 6 ಲೀಟರ್ ಯಾವ ಹೊದಿಕಿ ಹಾಕಿದ್ರೂ ತಣ್ಣಗ ಬರೂದ. ಅದನ್ನ ಬಕೀಟಿನ್ಯಾಗ ಹಿಡದು ಭಾಂಡಿ ತೊಳ್ಯಾಕ ಇಟ್ಕೋರಿ. ಹೊಸದಾಗಿ ಲೈನ್ ಎಳಸವ್ರು ಒಂದ ಬಚ್ಚಲಕ್ಕ ಹೋಗೂ ಕವಲನ್ನ ಅರ್ಧ ಇಂಚಿನದು ಮಾಡ್ರಿ, ಮೀಟರಿಗೆ 0.12 ಲೀಟರ್ ಅಷ್ಟ ನಿಲ್ಲತದ.


ಎರಿಭೂಮಿ_ಬಾಗಲಕೋಟಿ:

ಎನ್‌ಆರ್‌ವಿ ಸ್ಪ್ರಿಂಗಿಂದ ಹಾಕಿದ್ರ ಪಕ್ಕಾ ಮುಚ್ಚತೈತಿ, ಪೈಪು ಅಡ್ಡ ಇರ್ಲಿ, ನೆಟ್ಟಗ ಇರ್ಲಿ ನಡೀತೈತಿ. ಅದನ್ನ ಹಾಕ್ರಿ ಅಂತ ನಾ ಹೇಳ್ತೀನಿ.


ನಳಪಾಕ:

ಬೋರಿನ ಲೈನಿಗೆ ನಿಮ್ಮ ಮಾತು ಬರೋಬ್ಬರಿ. ಇಲ್ಲಿ ಮ್ಯಾಲಿನ ಮಹಡಿಗೆ ಒತ್ತಡ ಇರೂದ 0.3 ಬಾರ್. ಸ್ಪ್ರಿಂಗ್ ತಗಸಾಕ ಅದ್ರಾಗ ಒಂದು ಪಾಲು ಹೋತಂದ್ರ ಬಿಸಿ ನಳ ಸಣ್ಣಗ ಬರತದ, ಆಮ್ಯಾಲ ಬಿಸಿನೀರಿಗೂ ಪಂಪ್ ಬೇಕು ಅಂತ ಶುರು ಆಗ್ತದ. ತೂಗು ಬಾಗಲದ ಎನ್‌ಆರ್‌ವಿ ಹಾಕಿ, ಪೈಪು ಅಡ್ಡ ಹೋಗೂ ಜಾಗಾದಾಗ ಕೂಡಿಸ್ರಿ. ಕೆಳಗ ಇಳಿಯೂ ಪೈಪಿನ್ಯಾಗ ಮಾತ್ರ ಅದನ್ನ ಹಾಕಬಾರದು, ಬಾಗಲಾ ತನ್ನ ತೂಕಕ್ಕ ತಗದ ನಿಲ್ಲತದ. ಕೆಳಗಿನ ಮಹಡಿಗೆ 6 ಮೀಟರ್ ಮ್ಯಾಲ ಇಳುವು ಐತಿ, ಅಲ್ಲಿ ಸ್ಪ್ರಿಂಗಿಂದೂ ನಡೀತದ.


ಎರಿಭೂಮಿ_ಬಾಗಲಕೋಟಿ:

ಒಪ್ಪಿದೆ. ಅಡ್ಡ ಪೈಪು ಸಿಗದ ಕಡೆ ಮಾತ್ರ ಸ್ಪ್ರಿಂಗ್.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳೂದೈತಿ. ಬಾಗಲಕೋಟಿ, ವಿಜಯಪುರದ ಎರಿ ಮಣ್ಣಿನ್ಯಾಗ ಮನಿ ಇದ್ದವರಿಗೆ ಚಳಿಗಾಲದ ತೊಂದ್ರಿ ನೆಲದಾಗ ಇರತೈತಿ. ಮಳಿಗಾಲಕ್ಕ ಉಬ್ಬಿದ ಎರಿ ಡಿಸೆಂಬರಿಂದ ಒಣಗಿ ಸೆಟೀತೈತಿ, ಸಂಕ್ರಮಣದ ಹೊತ್ತಿಗೆ ಬಿರುಕು ಬಾಯಿ ಬಿಡಾಕ ಹತ್ತತಾವ. ಆ ಮಣ್ಣು ಪೈಪನ್ನ ಹಿಡದು ಜಗ್ಗತೈತಿ. ಪೈಪು ಗ್ವಾಡಿ ಹೊಕ್ಕೂ ಜಾಗಾ, ಸಂಪಿನ ಬಾಯಿ, ಟೀ, ಎಲ್ಬೋ, ಇಲ್ಲೆಲ್ಲ ಗವಂಡಿ ಸಿಮೆಂಟಿನಿಂದ ಬಿಗದಿರತಾನ. ಒಂದು ಕಡೆ ಮನಿ ಅಲ್ಲಾಡಂಗಿಲ್ಲ, ಇನ್ನೊಂದು ಕಡೆ ಮಣ್ಣು ಸುಮ್ನಿರಂಗಿಲ್ಲ. ನಡುವಿನ ಯುಪಿವಿಸಿ (ತಣ್ಣೀರಿನ ಗಟ್ಟಿ ಪ್ಲಾಸ್ಟಿಕ್ ಪೈಪು) ಜಾಯಿಂಟ್ ಸೀಳತೈತಿ.

ಗೊತ್ತು ಮಾಡೂದು ಸರಳ ಐತಿ. ಸಂಪಿನಿಂದ ಮ್ಯಾಲಿನ ಟಾಕಿ ತುಂಬಾಕ ಎಷ್ಟು ನಿಮಿಷ ಹಿಡೀತೈತಿ ಅನ್ನೂದನ್ನ ಈಗ ಬರದಿಡ್ರಿ. ಮಿನಿಟಿಗೆ 30 ಲೀಟರ್ ಎತ್ತೂ ಮೋಟರ್ 1000 ಲೀಟರಿಗೆ 33 ನಿಮಿಷ ತಗೋತೈತಿ. ಜನವರ್ಯಾಗ ಅದ 40 ದಾಟಿದ್ರ ಲೈನ್ ಸೋರತೈತಿ ಇಲ್ಲಾ ಫೂಟ್ ವಾಲ್ವ್ (ಸಂಪಿನ್ಯಾಗ ಪೈಪಿನ ತುದಿಗಿರೂ, ನೀರು ವಾಪಸ್ ಬಿಡದ ವಾಲ್ವ್) ಹೋಗೈತಿ. ಮೋಟರ್ ಬಂದ್ ಮಾಡಿದ ಮ್ಯಾಲ ಪೈಪಿನ ನೀರು ಸಂಪಿಗೆ ವಾಪಸ್ ಇಳಿಯೂ ಸಪ್ಪಳ ಬಂದ್ರ ಫೂಟ್ ವಾಲ್ವ್, ಸಪ್ಪಳ ಇಲ್ಲದ ಅಂಗಳದಾಗ ಒಂದ ಕಡೆ ಹಸಿ ಕಂಡ್ರ ಲೈನ್. ಊರಿನ ನಳದ ಮೀಟರ್ ಇದ್ದವರು ಎಲ್ಲಾ ಬಂದ್ ಮಾಡಿ ಅರ್ಧ ತಾಸು ಬಿಟ್ಟು ಮುಳ್ಳು ನೋಡ್ರಿ.

ತಗದು ಹಾಕೂದಾದ್ರ 2 ಅಡಿ ಆಳ ತೋಡಿ, ಪೈಪಿನ ಸುತ್ತ ಅರ್ಧ ಅಡಿ ಉಸುಕು ತುಂಬ್ರಿ. ತಗದ ಎರಿ ಮಣ್ಣನ್ನ ಪೈಪಿಗೆ ತಾಕಸಬ್ಯಾಡ್ರಿ, ಮ್ಯಾಲ ಗರಸು ಹಾಕ್ರಿ. ಗ್ವಾಡಿ ಹೊಕ್ಕೂ ಕಡೆ 1 ಇಂಚಿನ ಪೈಪಿಗೆ 2.5 ಇಂಚಿನ ತುಂಡನ್ನ ತೋಳಿನಂಗ ಮೊದಲು ಕೂಡಿಸಿ, ನಡುವಿನ ಸಂದಿಗೆ ಸಿಮೆಂಟ್ ತುಂಬದ ಫೋಮ್ ತುಂಬ್ರಿ. ಅಂಗಳದ ಲೈನಿಗೆ ಯುಪಿವಿಸಿಗಿಂತ ಸುರುಳಿ ಬರೂ ಪ್ಲಾಸ್ಟಿಕ್ ಪೈಪು, ಅಂದ್ರ ಎಚ್‌ಡಿಪಿಇ ಚಲೋ, ಬಾಗತೈತಿ, ನಡುವ ಜಾಯಿಂಟೂ ಇರಂಗಿಲ್ಲ. ತಿಲಕವಾಡಿಯವರ ಕೆಂಪು ಮಣ್ಣಿಗೆ ಇದ್ಯಾವ್ದೂ ಬೇಕಾಗಿಲ್ಲ.


ವಿಜಯಪುರ_ಸವಳು:

ನಮ್ಮ ಬೋರಿನ ನೀರಿಗೆ ಗೀಸರ್ ಬಗ್ಗೆ ಹೇಳೂದದ. ಗಡಸು ನೀರು ಕಾದಷ್ಟು ಸುಣ್ಣ ಬಿಡ್ತದ, 60 ಡಿಗ್ರಿ ದಾಟಿದ್ರ ಭಾಳ ಜೋರ. ಥಂಡಿ ಅಂತ ಥರ್ಮೋಸ್ಟ್ಯಾಟ್ 75ಕ್ಕ ತಿರುವಿಡಬ್ಯಾಡ್ರಿ, 50–55 ಸಾಕು. ಕಾಯಿಲ್ ಮ್ಯಾಲ ಸುಣ್ಣ ಕೂತ್ರ ಅದರ ಬಿಸಿ ನೀರಿಗೆ ಹೋಗಂಗಿಲ್ಲ, ಕಾಯಿಲ್ ಒಳಗಿಂದೊಳಗ ಕಾದು ಸೀಳ್ತದ. ಸೀಳಿದ್ರ ಕರೆಂಟ್ ನೀರಿಗೆ ಬರ್ತದ. ಗೀಸರ್ ಕುದಿಯೂ ಚಟಪಟ ಸಪ್ಪಳ ಮಾಡಾಕ ಹತ್ತಿದ್ರ ಸುಣ್ಣ ಕೂತದ ಅಂತ ತಿಳಕೋರಿ.

ದೀಪಾವಳಿ ಹೊತ್ತಿಗೆ ವರ್ಷಕ್ಕೊಮ್ಮೆ ಬಿಚ್ಚಸ್ರಿ. ಎಂಸಿಬಿ (ಬೋರ್ಡಿನ್ಯಾಗ ಕರೆಂಟ್ ಕಡಿಯೂ ಸ್ವಿಚ್) ಬಂದ್ ಮಾಡಿ ಟೆಸ್ಟರ್ ಹಚ್ಚಿ ನೋಡ್ರಿ, ಒಳಗ ಬರೂ ಆಂಗಲ್ ಕಾಕ್ ಬಂದ್ ಮಾಡ್ರಿ, ಬಿಸಿ ನಳ ತಗದು ಒತ್ತಡ ಇಳಸ್ರಿ, ಆಮ್ಯಾಲ ನೀರು ಖಾಲಿ ಮಾಡ್ರಿ. ಕೆಳಗಿನ ಫ್ಲ್ಯಾಂಜ್ (ಬೋಲ್ಟ್ ಹಾಕಿದ ಮುಚ್ಚಳ) ಬಿಚ್ಚಿದ್ರ ಕಾಯಿಲ್, ಮೆಗ್ನೀಶಿಯಂ ರಾಡ್ ಕೂಡೇ ಹೊರಗ ಬರ್ತಾವ. ಲಿಂಬು ಉಪ್ಪು, ಅದ ಸಿಟ್ರಿಕ್ ಆಸಿಡ್, ಲೀಟರ್ ಬೆಚ್ಚನ್ನ ನೀರಿಗೆ 50 ಗ್ರಾಂ ಹಾಕಿ ಕಾಯಿಲ್ ಎರಡು ತಾಸು ನೆನಸ್ರಿ. ಸುಣ್ಣ ಮೆತ್ತಗ ಆಗಿ ಕೈಲೆ ಬರ್ತದ. ಸ್ಕ್ರೂಡ್ರೈವರಿನಿಂದ ಕೆತ್ತಬ್ಯಾಡ್ರಿ. ಸಂಡಾಸ ತೊಳಿಯೂ ಆಸಿಡ್ ಅಂತೂ ಬ್ಯಾಡೇ ಬ್ಯಾಡ, ಅದರಾಗಿನ ಕ್ಲೋರೈಡ್ ಸ್ಟೀಲಿಗೆ ಸಣ್ಣ ಸಣ್ಣ ತೂತು ಹಾಕ್ತದ. ಸೋಲಾರ್ ಟಾಕಿಗೂ ಇದ ಮಾತು. ಮೆಗ್ನೀಶಿಯಂ ರಾಡ್ ಅರ್ಧಕ್ಕಿಂತ ಸವದಿದ್ರ ಹೊಸಾದು ಹಾಕ್ರಿ. ಟಾಕಿ ಬದಲಿ ತುಕ್ಕು ತಿನ್ನೂದು ಅದರ ಕೆಲಸ, ಅದು ಮುಗದ ಮ್ಯಾಲ ಟಾಕಿ ಪಾಳಿ. ಫ್ಲ್ಯಾಂಜಿನ ರಬ್ಬರ್ ಗ್ಯಾಸ್ಕೆಟ್ ಹಳೇದ ಕೂಡಿಸಬ್ಯಾಡ್ರಿ. ನೀರು ತುಂಬಿ ಬಿಸಿ ನಳದಾಗ ಗಾಳಿ ಇಲ್ಲದ ಧಾರಿ ಬಂದ ಮ್ಯಾಲ ಸ್ವಿಚ್ ಹಾಕ್ರಿ.

ಇನ್ನೊಂದು. ಗೀಸರ್ ಕಾಯೂ ಮುಂದ ಸೇಫ್ಟಿ ವಾಲ್ವಿನಿಂದ ಹನಿ ಬೀಳೂದು ರೋಗ ಅಲ್ಲ. 15 ಲೀಟರ್ ನೀರು 20ರಿಂದ 60ಕ್ಕ ಕಾದ್ರ ಸುಮಾರು 230 ಮಿಲಿಲೀಟರ್ ಹಿಗ್ಗತದ, ಅದಕ್ಕ ಹೋಗಾಕ ಜಾಗಾ ಬೇಕಲ್ಲ. ಆ ಬಾಯಿಗೆ ಪ್ಲಗ್ ಹಾಕಿದ ಗೀಸರ್ ಬಾಂಬ್ ಇದ್ದಂಗ. ಒಂದು ಸಣ್ಣ ಪೈಪು ಕೂಡಿಸಿ ನೆಲದ ಜಾಲರಿಗೆ ಬಿಡ್ರಿ. ಕಾಯದಿದ್ದಾಗಲೂ ಒಂದ ಸಮ ಸೋರಿದ್ರ ಮಾತ್ರ ವಾಲ್ವ್ ಬದಲಿ ಮಾಡ್ರಿ.


ಮಾಳಿಗೆ_ಬಿಸಿಲು:

ಸೋಲಾರ್ ಟಾಕಿಯೊಳಗಿನ ಕಾಯಿಲ್ ಹಾಕಿ ಚಳಿಗಾಲ ದಾಟಿಸುವವರಿಗೆ ಒಂದು ಲೆಕ್ಕ: 200 ಲೀಟರನ್ನು 20ರಿಂದ 45ಕ್ಕೆ ಏರಿಸಲು 5.8 ಯೂನಿಟ್ ಬೇಕು, 2 ಕಿಲೋವ್ಯಾಟ್ ಕಾಯಿಲ್ ಮೂರು ತಾಸು ಉರಿಯಬೇಕು. 15 ಲೀಟರ್ ಗೀಸರನ್ನು 20ರಿಂದ 60ಕ್ಕೆ ಕಾಯಿಸಲು 0.7 ಯೂನಿಟ್, 20 ನಿಮಿಷ.

ತಿಲಕವಾಡಿಯವರಿಗೆ ಇನ್ನೊಂದು ದಾರಿಯೂ ಇದೆ. ಕೆಳಗಿನ ಬಚ್ಚಲಿನಲ್ಲಿ ಸೋಲಾರ್ ನೀರನ್ನೇ ಗೀಸರ್ ಒಳಕ್ಕೆ ಕೊಡಿ, ಮೂರು ಬಾಲ್ ವಾಲ್ವ್ ಇಟ್ಟು ಬೇಸಿಗೆಗೆ ಬೈಪಾಸ್ (ನೀರು ಗೀಸರ್ ಬಿಟ್ಟು ನೇರ ನಳಕ್ಕೆ ಹೋಗುವ ದಾರಿ) ಮಾಡಿ. ಪೈಪಿನಲ್ಲಿ ನಿಂತ ಆ 6 ಲೀಟರ್ ತಣ್ಣೀರು ಗೀಸರಿಗೆ ಹೋಗುತ್ತದೆ, ನಳದಲ್ಲಿ ಮೊದಲ ಹನಿಯಿಂದಲೇ ಬಿಸಿ ಬರುತ್ತದೆ. ಗೀಸರಿನ ಸೇಫ್ಟಿ ವಾಲ್ವ್‌ನಲ್ಲೇ ಎನ್‌ಆರ್‌ವಿ ಇದ್ದರೂ ಬೈಪಾಸ್ ಹೊತ್ತಿಗೆ ನೀರು ಅದರ ಮೂಲಕ ಹೋಗುವುದಿಲ್ಲ, ಆ ಬಚ್ಚಲಿನ ಕವಲಿಗೂ ಬೇರೆ ಹಾಕಿಸಿ. ಬಿಸಿನೀರನ್ನು ಒಳಕ್ಕೆ ಕೊಡಬಹುದೇ ಎಂಬುದನ್ನು ಗೀಸರಿನ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.


ಶಹಾಪುರ_ವೈರಿಂಗ್:

2 ಕಿಲೋವ್ಯಾಟ್ ಗೀಸರ್ 8.7 ಆಂಪಿಯರ್ ಎಳೀತದ. 16 ಆಂಪಿಯರಿನ ಪಾಯಿಂಟ್, 2.5 ಚದರ ಮಿಲಿಮೀಟರ್ ತಾಮ್ರದ ವೈರು, ಅರ್ಥಿಂಗ್, ಕರೆಂಟ್ ಸೋರಿದ್ರ ತಾನ ಬಂದ್ ಮಾಡೂ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಬೇಕು. ಆರ್‌ಸಿಸಿಬಿ ಮ್ಯಾಲಿನ ಟೆಸ್ಟ್ ಗುಂಡಿ ಈಗ ಒಮ್ಮೆ ಒತ್ತಿ ನೋಡ್ರಿ. ಬೀಳದಿದ್ರ ಅದು ಬರೀ ಶೋಭಾಕ್ಕ ಐತಿ.

ಗ್ಯಾಸ್ ಗೀಸರ್ ಬಚ್ಚಲದ ಒಳಗ ಇದ್ದವರು ಈ ವಾರಾನ ಅದನ್ನ ಹೊರಗ ಹಾಕಿಸ್ರಿ. ಥಂಡಿ ಅಂತ ಕಿಟಕಿ ಬಂದ್ ಮಾಡ್ತೀರಿ, ಉರಿಗೆ ಗಾಳಿ ಸಾಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ತಲಿ ಸುತ್ತಿ ಬಿದ್ದವರಿಗೆ ಚಿಲಕ ತಗ್ಯೂ ಶಕ್ತಿ ಇರಂಗಿಲ್ಲ. ಎಕ್ಸಾಸ್ಟ್ ಫ್ಯಾನ್ ಐತಲ್ಲ ಅನ್ನೂದು ಸಮಾಧಾನದ ಮಾತು. ಬಯಲು ಗಾಳಿ ಇರೂ ಹಿತ್ತಲದಾಗ ಕೂಡಿಸಿ ಬಚ್ಚಲಕ್ಕ ಬರೀ ಪೈಪು ತರ್ರಿ. ಕಿಡಿ ಹೊತ್ತವಲ್ದು ಅಂದ್ರ ಮೊದಲು ಎರಡೂ ಸೆಲ್ ಬದಲಿ ಮಾಡ್ರಿ, ಆಮ್ಯಾಲ ನೀರು ಒಳಗ ಬರೂ ಕಡೆ ಜಾಲರಿ ತೊಳೀರಿ. ನೀರಿನ ಒತ್ತಡ ಸಾಲದಿದ್ರೂ ಅದು ಹೊತ್ತಂಗಿಲ್ಲ.


ತಿಲಕವಾಡಿ_ಮನಿ:

ಎಲ್ಲಾರಿಗೂ ಉಪಕಾರ. ಗೀಸರ್ ಪುಸ್ತಿಕ್ಯಾಗ ಬಿಸಿನೀರು ಕೊಡಬಹುದು ಅಂತ ಐತಿ, ಬೈಪಾಸ್ ಮಾಡ್ಸೂದ ಅಂತ ಆತು. ಕಡೇದೊಂದು: ರಬ್ಬರ್ ಹಾಕೂ ಮುಂಚೆ ಪೈಪಿಗೆ ಎಲೆಕ್ಟ್ರಿಕ್ ಟೇಪ್ ಸುತ್ತಿ, ಉಳದ ಕಡೆ ಎಣ್ಣಿ ಬಣ್ಣ ಹೊಡಿಯೂನು ಅಂತ ಪ್ಲಂಬರ್ ಅನ್ನಾಕತ್ತಾನ. ಮಾಡಿಸ್ಲ್ಯಾ?


ನಳಪಾಕ:

ಎರಡೂ ಬ್ಯಾಡ. ಎಲೆಕ್ಟ್ರಿಕ್ ಟೇಪಿನ ಪಿವಿಸಿ ಮೆತ್ತಗ ಇರ್ಲಿ ಅಂತ ಹಾಕಿದ ಪ್ಲಾಸ್ಟಿಸೈಜರ್ ಸಿಪಿವಿಸಿ ಒಳಗ ಇಳದು ಕೂದಲೆಳಿಯಂಥ ಬಿರುಕು ತರ್ತದ. ಎಣ್ಣಿ ಬಣ್ಣದಾಗಿನ ದ್ರಾವಕಾನೂ ಅದ ಕೆಲಸ ಮಾಡ್ತದ. ಬಣ್ಣ ಬೇಕಂದ್ರ ನೀರಿನ್ಯಾಗ ಕಲಸೂ ಅಕ್ರಿಲಿಕ್ ಹೊಡಸ್ರಿ.

ಕ್ಲ್ಯಾಂಪ್ 3 ಅಡಿಗೊಂದು ಇರ್ಲಿ, ಪೈಪು ಒಳಗ ಸರಿದಾಡಬೇಕು. 10 ಮೀಟರ್ ಸಿಪಿವಿಸಿ 20ರಿಂದ 60 ಡಿಗ್ರಿಗೆ ಕಾದ್ರ 25 ಮಿಲಿಮೀಟರ್ ಉದ್ದ ಆಗ್ತದ. ಬಿಗಿ ಹಿಡದ್ರ ಆ ಒಂದು ಇಂಚು ಎಲ್ಬೋದ ಮ್ಯಾಲ ಬೀಳ್ತದ. ಬಾಲ್ ವಾಲ್ವ್, ಎನ್‌ಆರ್‌ವಿ ಕೂಡಿಸೂ ಕಡೆ ಒಳಗ ಹಿತ್ತಾಳಿ ಇರೂ ಫಿಟ್ಟಿಂಗ್, ಟೆಫ್ಲಾನ್ ಟೇಪು ಬಳಸ್ರಿ. ಸಫೇದಾ (ಬಿಳಿ ಲೇಪ), ನಾರು ಹಚ್ಚಿ ಜೋರ ತಿರುವಿದ್ರ ಸಿಪಿವಿಸಿ ಬಾಯಿ ಸೀಳತದ.

ಅಂಟಿನ ಕೆಲಸ ಮುಂಜಾನೆ ಥಂಡ್ಯಾಗ ಬ್ಯಾಡ, ಬಿಸಿಲೇರಿದ ಮ್ಯಾಲ ಮಾಡಸ್ರಿ. ಸಿಪಿವಿಸಿದ ಅಂಟ ಇರಬೇಕು, ಯುಪಿವಿಸಿದು ಬಿಸಿನೀರಿಗೆ ತಡಿಯಂಗಿಲ್ಲ. ಪೈಪು ಒಳಗ ದೂಡಿ ಕಾಲು ಸುತ್ತು ತಿರುವಿ ಅರ್ಧ ನಿಮಿಷ ಒತ್ತಿ ಹಿಡೀಲಿ, ಇಲ್ಲಾಂದ್ರ ತಾನ ಹಿಂದ ಸರೀತದ. ಡಬ್ಬಿ ಮ್ಯಾಲಿನ ಪಟ್ಟಿ ನೋಡ್ಕೋರಿ, ಅದರ ಮ್ಯಾಲೂ ತಣ್ಣೀರಿಗೆ 4 ತಾಸು, ಬಿಸಿನೀರಿಗೆ ಒಂದು ದಿನ ಬಿಡ್ರಿ. ಅಲ್ಲಿ ತನಕ ಸೋಲಾರ್ ವಾಲ್ವಿಗೆ ಒಂದು ಚೀಟಿ ಕಟ್ಟಿಡ್ರಿ, ಮನ್ಯಾಗ ಯಾರರ ತಗದ್ಗಿಗದಾರು.